ಸ್ಪ್ಯಾನಿಷ್‌ನಲ್ಲಿ ‘ವಾರಕ್ಕೊಮ್ಮೆ, ಆಗಾಗ, ಎಂದೂ ಇಲ್ಲ’: ಕನ್ನಡದಿಂದಲೇ ನೇರ ದಾರಿ

ಸ್ಪ್ಯಾನಿಷ್ ಮಾತಾಡುವವರು ಪರಿಚಯವಾದರೆ ಹತ್ತು ನಿಮಿಷದೊಳಗೆ ಒಂದು ಬಗೆಯ ಪ್ರಶ್ನೆ ಬಂದೇ ಬರುತ್ತದೆ. ಅಮ್ಮನ ಮನೆಗೆ ಎಷ್ಟು ದಿನಕ್ಕೊಮ್ಮೆ ಹೋಗುತ್ತೀಯ? ದಿನಾ ರೊಟ್ಟಿ ತಿನ್ನುತ್ತೀಯಾ? ಸಿನಿಮಾ ಜಾಸ್ತಿ ನೋಡುತ್ತೀಯಾ? ಹೋಗು, ತಿನ್ನು, ನೋಡು ಅನ್ನುವ ಪದಗಳು ನಮಗೆ ಗೊತ್ತಿರುತ್ತವೆ. ‘ಎಷ್ಟು ಸಲ’ ಅನ್ನುವ ಭಾಗ ಮಾತ್ರ ಬಾಯಿಗೆ ಬರುವುದಿಲ್ಲ.

ನಾನು ಹುಬ್ಬಳ್ಳಿಯಲ್ಲಿದ್ದೇನೆ. ಕೆಲಸ ಧಾರವಾಡದಲ್ಲಿ. ಚಿಗರಿ ಬಸ್ಸಿನಲ್ಲಿ ಸುಮಾರು 20 ಕಿಲೋಮೀಟರ್ ದಾರಿ, ಹೋಗುತ್ತ ಬರುತ್ತ ಅದೇ ನನ್ನ ಸ್ಪ್ಯಾನಿಷ್ ಕ್ಲಾಸು. ಮೊದಲ ಕೆಲವು ತಿಂಗಳು ಪ್ರತಿ ವಾಕ್ಯವನ್ನೂ ಇಂಗ್ಲಿಷ್‌ನಲ್ಲಿ ಯೋಚಿಸಿ ಆಮೇಲೆ ಸ್ಪ್ಯಾನಿಷ್‌ಗೆ ತಿರುಗಿಸುತ್ತಿದ್ದೆ. ‘ಎಷ್ಟು ಸಲ’ದ ವಿಷಯದಲ್ಲಿ ಇದು ಸುತ್ತು ದಾರಿ. ಕನ್ನಡದ ವಾಕ್ಯವನ್ನೇ ಹಿಡಿದು ನೇರ ಹೋದರೆ ಅರ್ಧ ಕೆಲಸ ಮುಗಿದಿರುತ್ತದೆ. ಯಾಕೆ ಅಂತ ಒಂದೊಂದೇ ಹೆಜ್ಜೆಯಲ್ಲಿ ತೋರಿಸುತ್ತೇನೆ.

ಉಚ್ಚಾರದ ಬಗ್ಗೆ ಒಂದು ಮಾತು. ಸ್ಪ್ಯಾನಿಷ್‌ನ ‘ತ’ ನಮ್ಮ ‘ತಾಯಿ’ಯ ತ. ಇಂಗ್ಲಿಷ್‌ನ ‘ಟ’ ಅಲ್ಲ. ‘ದ’ ಕೂಡ ನಮ್ಮದೇ, ಎರಡು ಸ್ವರಗಳ ನಡುವೆ ಬಂದಾಗ ಇನ್ನಷ್ಟು ಮೆತ್ತಗಾಗುತ್ತದೆ. ಹಾಗಾಗಿ ಇಲ್ಲಿ ಕನ್ನಡ ಲಿಪಿಯಲ್ಲಿ ಬರೆದದ್ದನ್ನು ಬರೆದ ಹಾಗೇ ಓದಿ. ‘ಬೇಸೆಸ್’ ಅಂತ ನಾನು ಬರೆದದ್ದು ಲ್ಯಾಟಿನ್ ಅಮೆರಿಕದ ರೀತಿ. ಸ್ಪೇನ್‌ನ ಹೆಚ್ಚಿನ ಕಡೆ ಅದೇ ಪದವನ್ನು ‘ಬೇಥೆಸ್’ ಅನ್ನುತ್ತಾರೆ, ನಾಲಗೆಯ ತುದಿ ಹಲ್ಲುಗಳ ನಡುವೆ ಬರುತ್ತದೆ. ಯಾವುದಾದರೂ ಒಂದನ್ನು ಹಿಡಿದುಕೊಳ್ಳಿ, ಸಾಕು.

ಮೊದಲ ಹೆಜ್ಜೆ: ‘ಸಲ’ ಮತ್ತು ‘ಹೊತ್ತು’ ಬೇರೆ ಬೇರೆ

ಇಂಗ್ಲಿಷ್‌ನಲ್ಲಿ ‘ಟೈಮ್’ ಅನ್ನುವ ಒಂದೇ ಪದ ಎಲ್ಲ ಕೆಲಸ ಮಾಡುತ್ತದೆ. ಮೂರು ಸಲ ಅನ್ನಲಿಕ್ಕೂ ಅದೇ, ಹೊತ್ತಿಲ್ಲ ಅನ್ನಲಿಕ್ಕೂ ಅದೇ, ಗಂಟೆ ಎಷ್ಟು ಅನ್ನಲಿಕ್ಕೂ ಅದೇ. ಕನ್ನಡದಲ್ಲಿ ಹಾಗಿಲ್ಲ ಅಲ್ವಾ? ಸಲ, ಹೊತ್ತು, ಗಂಟೆ ಅಂತ ನಮ್ಮಲ್ಲಿ ಮೂರು ಪದ. ಸ್ಪ್ಯಾನಿಷ್‌ನಲ್ಲೂ ಮೂರು. ಸಲ ಅಂದರೆ ‘ಬೇಸ್’, ಹೊತ್ತು ಅಂದರೆ ‘ತಿಯೆಂಪೊ’, ಗಂಟೆ ಅಂದರೆ ‘ಓರಾ’.

ಇವತ್ತಿನ ಪಾಠಕ್ಕೆ ಬೇಕಾದದ್ದು ‘ಬೇಸ್’. ಒಂದಕ್ಕಿಂತ ಜಾಸ್ತಿ ಆದರೆ ‘ಬೇಸೆಸ್’. ಊನಾ ಬೇಸ್, ಒಂದು ಸಲ. ದೋಸ್ ಬೇಸೆಸ್, ಎರಡು ಸಲ. ತ್ರೇಸ್ ಬೇಸೆಸ್, ಮೂರು ಸಲ. ಇದು ಸ್ತ್ರೀಲಿಂಗದ ಪದ. ಅದಕ್ಕೇ ‘ಊನ್ ಬೇಸ್’ ಅನ್ನದೆ ‘ಊನಾ ಬೇಸ್’ ಅನ್ನುತ್ತೇವೆ. ಹಾಗೆಯೇ ‘ಮೂಚಾಸ್ ಬೇಸೆಸ್’ ಅಂದರೆ ಬಹಳ ಸಲ, ‘ಪೋಕಾಸ್ ಬೇಸೆಸ್’ ಅಂದರೆ ಕೆಲವೇ ಸಲ.

ಇದೇ ಪದ ಸೇರಿಕೊಂಡ ಕೆಲವು ಜೋಡಿಗಳಿಗೆ ಬೇರೆಯೇ ಅರ್ಥ ಇದೆ. ‘ತಾಲ್ ಬೇಸ್’ ಅಂದರೆ ಬಹುಶಃ. ‘ಓತ್ರಾ ಬೇಸ್’ ಅಂದರೆ ಇನ್ನೊಮ್ಮೆ. ‘ಆ ಲಾ ಬೇಸ್’ ಅಂದರೆ ಒಟ್ಟಿಗೇ, ಒಂದೇ ಹೊತ್ತಿಗೆ. ‘ಆಲ್ಗೂನಾ ಬೇಸ್’ ಪ್ರಶ್ನೆಯಲ್ಲಿ ಬಂದರೆ ಎಂದಾದರೂ. ‘ಆಸ್ ಕೊಮೀದೊ ಆಲ್ಗೂನಾ ಬೇಸ್ ಜೋಳದ ರೊಟ್ಟಿ?’ ಅಂದರೆ ಎಂದಾದರೂ ಜೋಳದ ರೊಟ್ಟಿ ತಿಂದಿದ್ದೀಯಾ ಅಂತ. ಅದನ್ನೇ ಬಹುವಚನ ಮಾಡಿ ‘ಆಲ್ಗೂನಾಸ್ ಬೇಸೆಸ್’ ಅಂದರೆ ಕೆಲವು ಸಲ.

ಎರಡನೇ ಹೆಜ್ಜೆ: ವಾರ‘ಕ್ಕೆ’, ತಿಂಗಳಿ‘ಗೆ’

ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಇದು. ಕನ್ನಡದಲ್ಲಿ ‘ವಾರಕ್ಕೆ ಮೂರು ಸಲ’ ಅನ್ನುತ್ತೇವೆ. ಆ ‘ಕ್ಕೆ’ ಇದೆಯಲ್ಲ, ‘ಊರಿಗೆ’, ‘ಮನೆಗೆ’ ಅನ್ನುವಾಗ ಬರುವ ಪ್ರತ್ಯಯವೇ ಅದು. ಸ್ಪ್ಯಾನಿಷ್‌ನಲ್ಲಿ ‘ಊರಿಗೆ’ ಅನ್ನಲು ಬಳಸುವ ಪದ ‘ಆ’. ‘ವಾರಕ್ಕೆ’ ಅನ್ನಲೂ ಅದೇ ‘ಆ’. ಎರಡೂ ಭಾಷೆಗಳು ಒಂದೇ ರೀತಿ ಯೋಚಿಸುತ್ತವೆ.

ವಾರಕ್ಕೆ: ಆ ಲಾ ಸೆಮಾನಾ
ದಿನಕ್ಕೆ: ಆಲ್ ದೀಯಾ
ತಿಂಗಳಿಗೆ: ಆಲ್ ಮೇಸ್
ವರ್ಷಕ್ಕೆ: ಆಲ್ ಆನ್ಯೊ

ಇಂಗ್ಲಿಷ್‌ನ ‘ದಿ’ ಇರುವ ಜಾಗದಲ್ಲಿ ಸ್ಪ್ಯಾನಿಷ್‌ನಲ್ಲಿ ಸ್ತ್ರೀಲಿಂಗಕ್ಕೆ ‘ಲಾ’, ಪುಲ್ಲಿಂಗಕ್ಕೆ ‘ಎಲ್’ ಬರುತ್ತದೆ. ವಾರ ಸ್ತ್ರೀಲಿಂಗ, ಅದಕ್ಕೆ ‘ಆ ಲಾ’. ದಿನ, ತಿಂಗಳು, ವರ್ಷ ಪುಲ್ಲಿಂಗ. ಅಲ್ಲಿ ‘ಆ’ ಮತ್ತು ‘ಎಲ್’ ಸೇರಿ ‘ಆಲ್’ ಆಗುತ್ತದೆ. ‘ದೀಯಾ’ ಆ-ಕಾರದಲ್ಲಿ ಮುಗಿಯುವುದರಿಂದ ಸ್ತ್ರೀಲಿಂಗ ಅಂತ ಅನಿಸುತ್ತದೆ, ಆದರೆ ಅದು ಪುಲ್ಲಿಂಗ. ಇದನ್ನು ಬಾಯಿಪಾಠ ಮಾಡಿಬಿಡಿ.

ಈಗ ಸಲಗಳನ್ನು ಮುಂದೆ ಜೋಡಿಸಿ. ‘ಕಾಮೀನೊ ತ್ರೇಸ್ ಬೇಸೆಸ್ ಆ ಲಾ ಸೆಮಾನಾ’, ವಾರಕ್ಕೆ ಮೂರು ಸಲ ವಾಕಿಂಗ್ ಮಾಡುತ್ತೇನೆ. ಉಣಕಲ್ ಕೆರೆಗೆ ಹೋಗುವವರು ‘ಬೋಯ್ ಆ ಉಣಕಲ್ ತ್ರೇಸ್ ಬೇಸೆಸ್ ಆ ಲಾ ಸೆಮಾನಾ’ ಅನ್ನಬಹುದು. ‘ಬೋಯ್ ಆಲ್ ಮಠ ಊನಾ ಬೇಸ್ ಆಲ್ ಮೇಸ್’, ತಿಂಗಳಿಗೊಮ್ಮೆ ಮಠಕ್ಕೆ ಹೋಗುತ್ತೇನೆ. ಈ ಕೊನೆಯ ವಾಕ್ಯ ಗಮನಿಸಿ. ಮಠ‘ಕ್ಕೆ’, ತಿಂಗಳಿ‘ಗೆ’, ಎರಡು ಕಡೆಯೂ ‘ಆಲ್’. ಕನ್ನಡದಲ್ಲಿ ಎಲ್ಲಿ ‘ಗೆ’ ಬಂತೋ ಸ್ಪ್ಯಾನಿಷ್‌ನಲ್ಲೂ ಅಲ್ಲಿಯೇ ಬಂತು.

‘ಆ ಲಾ ಸೆಮಾನಾ’ ಬದಲು ‘ಪೊರ್ ಸೆಮಾನಾ’ ಕೂಡ ಕೇಳಿಬರುತ್ತದೆ. ಎರಡೂ ಸರಿ. ‘ಪೊರ್’ ಬಂದಾಗ ‘ಲಾ’ ಬೇಡ.

ಮೂರನೇ ಹೆಜ್ಜೆ: ‘ಕಾದಾ’, ಮತ್ತು ಎಂಟು ದಿನದ ವಾರ

‘ಇಷ್ಟು ದಿನಕ್ಕೊಮ್ಮೆ’ ಅನ್ನಲು ‘ಕಾದಾ’ ಬೇಕು. ಗಂಡು ಹೆಣ್ಣು, ಏಕ ಬಹು ಯಾವುದಕ್ಕೂ ಇದು ಬದಲಾಗುವುದಿಲ್ಲ. ಕಾದಾ ದೀಯಾ, ಪ್ರತಿ ದಿನ. ಕಾದಾ ದಿಯೆಸ್ ಮಿನೂತೊಸ್, ಹತ್ತು ನಿಮಿಷಕ್ಕೊಮ್ಮೆ. ಬಸ್ ಸ್ಟಾಪಿನಲ್ಲಿ ನಿಂತು ‘ಎಲ್ ಆವುತೊಬೂಸ್ ಸಾಲೆ ಕಾದಾ ದಿಯೆಸ್ ಮಿನೂತೊಸ್’ ಅಂತ ಹೇಳಿ ರೂಢಿ ಮಾಡಿಕೊಳ್ಳಿ. ಹತ್ತು ನಿಮಿಷಕ್ಕೊಮ್ಮೆ ಬಸ್ ಹೊರಡುತ್ತದೆ ಅಂತ ಅರ್ಥ.

ದಿನ ಬಿಟ್ಟು ದಿನ ಅನ್ನಲು ‘ಕಾದಾ ದೋಸ್ ದೀಯಾಸ್’. ಸ್ಪೇನ್‌ನಲ್ಲಿ ‘ಊನ್ ದೀಯಾ ಸೀ ಇ ಓತ್ರೊ ನೊ’ ಅಂತಲೂ ಹೇಳುತ್ತಾರೆ. ಒಂದು ದಿನ ಹೌದು, ಇನ್ನೊಂದು ದಿನ ಇಲ್ಲ ಅಂತ. ನಮ್ಮ ‘ದಿನ ಬಿಟ್ಟು ದಿನ’ಕ್ಕೆ ಎಷ್ಟು ಹತ್ತಿರ ನೋಡಿ. ಲ್ಯಾಟಿನ್ ಅಮೆರಿಕದ ಹಲವು ಕಡೆ ‘ದೀಯಾ ಪೊರ್ ಮೇದಿಯೊ’ ಅನ್ನುವುದು ರೂಢಿ.

ನಮ್ಮ ಮನೆಯಲ್ಲಿ ಹಿರಿಯರು ವಾರಕ್ಕೊಮ್ಮೆ ಅನ್ನುವುದಕ್ಕಿಂತ ‘ಎಂಟು ದಿನಕ್ಕೊಮ್ಮೆ’ ಅನ್ನುವುದೇ ಜಾಸ್ತಿ. ಎರಡು ವಾರಕ್ಕೆ ‘ಹದಿನೈದು ದಿನ’. ಸ್ಪ್ಯಾನಿಷ್‌ನಲ್ಲೂ ಹೀಗೇ! ‘ಕಾದಾ ಓಚೊ ದೀಯಾಸ್’ ಅಂದರೆ ಪದಕ್ಕೆ ಪದ ಎಂಟು ದಿನಕ್ಕೊಮ್ಮೆ, ಅರ್ಥ ವಾರಕ್ಕೊಮ್ಮೆ. ಮೆಕ್ಸಿಕೊ, ಕೊಲಂಬಿಯಾದ ಜನ ಇದನ್ನು ಬಹಳ ಬಳಸುತ್ತಾರೆ. ‘ಕಾದಾ ಕೀನ್ಸೆ ದೀಯಾಸ್’ ಅಂದರೆ ಹದಿನೈದು ದಿನಕ್ಕೊಮ್ಮೆ, ಇದು ಎಲ್ಲ ಕಡೆ ನಡೆಯುತ್ತದೆ. ಈ ಸೋಮವಾರದಿಂದ ಬರುವ ಸೋಮವಾರದವರೆಗೆ, ಎರಡು ಸೋಮವಾರಗಳನ್ನೂ ಸೇರಿಸಿ ಎಣಿಸಿದರೆ ಎಂಟು. ಅವರ ಲೆಕ್ಕವೂ ಇದೇ, ನಮ್ಮ ಲೆಕ್ಕವೂ ಇದೇ. ‘ಯಾಮೊ ಆ ಮಿ ಮಾದ್ರೆ ಕಾದಾ ಓಚೊ ದೀಯಾಸ್’, ಎಂಟು ದಿನಕ್ಕೊಮ್ಮೆ ಅಮ್ಮನಿಗೆ ಫೋನ್ ಮಾಡುತ್ತೇನೆ. ಈ ವಾಕ್ಯ ಹೇಳುವಾಗ ನನಗೆ ಬೇರೆ ಭಾಷೆ ಮಾತಾಡುತ್ತಿದ್ದೇನೆ ಅಂತಲೇ ಅನಿಸುವುದಿಲ್ಲ.

ಇದೇ ಲೆಕ್ಕದಿಂದ ಒಂದು ಕಡೆ ಎಚ್ಚರ ಬೇಕು. ಮೆಕ್ಸಿಕೊದಲ್ಲಿ ‘ಕಾದಾ ತೆರ್ಸೇರ್ ದೀಯಾ’ ಅನ್ನುತ್ತಾರೆ. ಪದಗಳನ್ನು ನೋಡಿದರೆ ಪ್ರತಿ ಮೂರನೇ ದಿನ. ಇವತ್ತಿನ ದಿನವನ್ನೂ ಸೇರಿಸಿ ಎಣಿಸುವುದರಿಂದ ಅದರ ಅರ್ಥ ದಿನ ಬಿಟ್ಟು ದಿನ. ಔಷಧಿಯ ಮಾತು ಬಂದಾಗ ಇದು ಮುಖ್ಯ. ಔಷಧಿಗೆ ಸಾಮಾನ್ಯವಾಗಿ ‘ಕಾದಾ ಓಚೊ ಓರಾಸ್’, ಎಂಟು ಗಂಟೆಗೊಮ್ಮೆ, ಇಲ್ಲವೇ ‘ತ್ರೇಸ್ ಬೇಸೆಸ್ ಆಲ್ ದೀಯಾ’, ದಿನಕ್ಕೆ ಮೂರು ಸಲ ಅನ್ನುತ್ತಾರೆ.

‘ಹೋದಾಗಲೆಲ್ಲ’, ‘ಬಂದಾಗಲೆಲ್ಲ’ ಅನ್ನಲು ‘ಕಾದಾ ಬೇಸ್ ಕೆ’. ‘ಕಾದಾ ಬೇಸ್ ಕೆ ಬೋಯ್ ಆ ಧಾರವಾಡ, ಕೊಂಪ್ರೊ ಪೇಡಾ.’ ಧಾರವಾಡಕ್ಕೆ ಹೋದಾಗಲೆಲ್ಲ ಪೇಡೆ ತರುತ್ತೇನೆ.

ನಾಲ್ಕನೇ ಹೆಜ್ಜೆ: ದಿನಾ, ಮತ್ತು ದಿನವಿಡೀ

‘ದಿನಾ’ ಅನ್ನಲು ‘ತೋದೊಸ್ ಲೊಸ್ ದೀಯಾಸ್’. ‘ದಿನವಿಡೀ’ ಅನ್ನಲು ‘ತೋದೊ ಎಲ್ ದೀಯಾ’. ಮೊದಲನೆಯದು ಬಹುವಚನ, ಎರಡನೆಯದು ಏಕವಚನ. ಕಲಿಯುವ ಹೊತ್ತಿನಲ್ಲಿ ನಾನು ಒಬ್ಬ ಗೆಳತಿಗೆ ಬರೆದ ಕಾಗದದಲ್ಲಿ ಇವೆರಡನ್ನು ಅದಲು ಬದಲು ಮಾಡಿದ್ದೆ. ದಿನಾ ಚಹಾ ಕುಡಿಯುತ್ತೇನೆ ಅನ್ನುವ ಬದಲು ದಿನವಿಡೀ ಚಹಾ ಕುಡಿಯುತ್ತೇನೆ ಅಂತ ಆಯಿತು. ನಿದ್ದೆ ಸರಿಯಾಗಿ ಬರುತ್ತದಾ ಅಂತ ಅವಳು ಕಾಳಜಿಯಿಂದ ಕೇಳಿದ್ದಳು. ಅಂದಿನಿಂದ ‘ಸ್’ ಕೇಳಿಸುವ ಹಾಗೆ ಹೇಳುತ್ತೇನೆ: ತೋದೊಸ್, ಲೊಸ್, ದೀಯಾಸ್. ಮೂರು ಕಡೆಯೂ ‘ಸ್’.

‘ಕಾದಾ ದೀಯಾ’ಕ್ಕೂ ಇದಕ್ಕೂ ಏನು ವ್ಯತ್ಯಾಸ? ಬರೀ ‘ದಿನಾ’ ಅನ್ನುವಾಗ ಎರಡೂ ನಡೆಯುತ್ತವೆ. ‘ದಿನದಿಂದ ದಿನಕ್ಕೆ’ ಅನ್ನುವ ಅರ್ಥ ಬೇಕಾದರೆ ‘ಕಾದಾ ದೀಯಾ’ ಮಾತ್ರ. ‘ಕಾದಾ ದೀಯಾ ಆಬ್ಲೊ ಮೆಹೋರ್’, ದಿನದಿಂದ ದಿನಕ್ಕೆ ಚೆನ್ನಾಗಿ ಮಾತಾಡುತ್ತಿದ್ದೇನೆ.

ವಾರದ ದಿನಗಳು ಬಹಳ ಸುಲಭ. ‘ಎಲ್ ಲೂನೆಸ್’ ಅಂದರೆ ಈ ಸೋಮವಾರ, ಒಂದೇ ದಿನ. ‘ಲೊಸ್ ಲೂನೆಸ್’ ಅಂದರೆ ಸೋಮವಾರ ಸೋಮವಾರ, ಪ್ರತಿ ವಾರ. ‘ಪ್ರತಿ’ ಅನ್ನುವ ಪದ ಬೇರೆ ಬೇಕಿಲ್ಲ, ‘ಎಲ್’ ಹೋಗಿ ‘ಲೊಸ್’ ಬಂದರೆ ಸಾಕು. ಲೂನೆಸ್, ಮಾರ್ತೆಸ್, ಮಿಯೇರ್ಕೊಲೆಸ್, ಹ್ವೇಬೆಸ್, ಬಿಯೇರ್ನೆಸ್, ಇವು ಐದೂ ಬಹುವಚನದಲ್ಲಿ ಬದಲಾಗುವುದಿಲ್ಲ. ಶನಿವಾರ, ಭಾನುವಾರ ಮಾತ್ರ ಬದಲಾಗುತ್ತವೆ: ಸಾಬಾದೊ, ಸಾಬಾದೊಸ್, ದೊಮಿಂಗೊ, ದೊಮಿಂಗೊಸ್. ‘ಕೋಮೊ ಗಿರ್ಮಿಟ್ ಲೊಸ್ ಸಾಬಾದೊಸ್’, ಶನಿವಾರ ಶನಿವಾರ ಗಿರ್ಮಿಟ್ ತಿನ್ನುತ್ತೇನೆ.

ಐದನೇ ಹೆಜ್ಜೆ: ಯಾವಾಗಲೂ ಇಂದ ಅಪರೂಪದವರೆಗೆ

ಲೆಕ್ಕ ಹಾಕಿ ಹೇಳಲು ಆಗದಿದ್ದಾಗ ಈ ಪದಗಳು ಬೇಕು. ಜಾಸ್ತಿಯಿಂದ ಕಡಿಮೆಗೆ ಇಳಿಯುತ್ತ ಬರೆದಿದ್ದೇನೆ.

ಸಿಯೆಂಪ್ರೆ: ಯಾವಾಗಲೂ
ಕಾಸಿ ಸಿಯೆಂಪ್ರೆ: ಹೆಚ್ಚುಕಡಿಮೆ ಯಾವಾಗಲೂ
ನೊರ್ಮಾಲ್ಮೆಂತೆ: ಸಾಮಾನ್ಯವಾಗಿ
ಆ ಮೆನೂದೊ: ಮೇಲಿಂದ ಮೇಲೆ
ಆ ಬೇಸೆಸ್: ಒಮ್ಮೊಮ್ಮೆ
ದೆ ಬೇಸ್ ಎನ್ ಕ್ವಾಂದೊ: ಆಗೊಮ್ಮೆ ಈಗೊಮ್ಮೆ
ರಾರಾ ಬೇಸ್: ಅಪರೂಪಕ್ಕೆ
ಕಾಸಿ ನೂಂಕಾ: ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ
ನೂಂಕಾ: ಎಂದೂ ಇಲ್ಲ

ಎಲ್ಲವನ್ನೂ ಒಂದೇ ದಿನ ಕಲಿಯಬೇಡಿ. ಸಿಯೆಂಪ್ರೆ, ಆ ಬೇಸೆಸ್, ಕಾಸಿ ನೂಂಕಾ, ನೂಂಕಾ, ಈ ನಾಲ್ಕು ಬಂದರೆ ದಿನದ ಮಾತು ನಡೆಯುತ್ತದೆ. ‘ಆ ಮೆನೂದೊ’ ಜಾಗದಲ್ಲಿ ಮೆಕ್ಸಿಕೊದವರು ‘ಸೆಗೀದೊ’ ಅನ್ನುವುದು ಜಾಸ್ತಿ. ಸ್ಪೇನ್‌ನಲ್ಲಿ ‘ಸೆಗೀದೊ’ ಅಂದರೆ ಒಂದರ ಹಿಂದೆ ಒಂದು, ಬಿಡುವಿಲ್ಲದೆ ಅಂತ. ಯಾರ ಜೊತೆ ಮಾತಾಡುತ್ತಿದ್ದೀರಿ ಅಂತ ನೋಡಿಕೊಂಡು ಬಳಸಿ.

ವಾಕ್ಯದಲ್ಲಿ ಇವನ್ನು ಎಲ್ಲಿ ಇಡಬೇಕು? ಕನ್ನಡದ ಹಾಗೆ ಇಲ್ಲಿಯೂ ಸಡಿಲ ಇದೆ. ‘ಆ ಬೇಸೆಸ್ ಕೊಸೀನೊ’, ‘ಕೊಸೀನೊ ಆ ಬೇಸೆಸ್’, ಎರಡಕ್ಕೂ ಒಮ್ಮೊಮ್ಮೆ ಅಡುಗೆ ಮಾಡುತ್ತೇನೆ ಅಂತಲೇ ಅರ್ಥ. ಬಿಗಿಯಾದ ನಿಯಮ ಒಂದೇ: ‘ಏ ಕೊಮೀದೊ’ (ತಿಂದಿದ್ದೇನೆ) ತರಹದ ಜೋಡಿ ಕ್ರಿಯಾಪದದ ನಡುವೆ ಇವನ್ನು ತುರುಕಬೇಡಿ. ‘ಸಿಯೆಂಪ್ರೆ ಏ ಕೊಮೀದೊ’ ಸರಿ, ‘ಏ ಸಿಯೆಂಪ್ರೆ ಕೊಮೀದೊ’ ತಪ್ಪು.

ಆರನೇ ಹೆಜ್ಜೆ: ‘ಎಂದೂ’ ಜೊತೆಗೆ ‘ಇಲ್ಲ’

ಇಂಗ್ಲಿಷ್‌ನಲ್ಲಿ ‘ನೆವರ್’ ಬಂದರೆ ‘ನಾಟ್’ ಬೇಡ ಅಂತ ನಮಗೆ ಶಾಲೆಯಲ್ಲಿ ತಿದ್ದಿ ತಿದ್ದಿ ಕಲಿಸಿದ್ದಾರೆ. ಅದನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಕನ್ನಡದಲ್ಲಿ ‘ನಾನು ಎಂದೂ ಮಾಂಸ ತಿನ್ನುವುದಿಲ್ಲ’ ಅನ್ನುತ್ತೇವೆ. ‘ಎಂದೂ’ ಇದೆ, ‘ಇಲ್ಲ’ ಕೂಡ ಇದೆ. ಸ್ಪ್ಯಾನಿಷ್‌ನಲ್ಲಿ ‘ನೊ ಕೋಮೊ ಕಾರ್ನೆ ನೂಂಕಾ’. ‘ನೊ’ ಇದೆ, ‘ನೂಂಕಾ’ ಕೂಡ ಇದೆ. ನಮಗೆ ಇದು ಸಹಜ.

ಆದರೆ ಒಂದು ಕಡೆ ಕನ್ನಡ ಕೈ ಕೊಡುತ್ತದೆ. ‘ನೂಂಕಾ’ ಕ್ರಿಯಾಪದದ ಮುಂದೆ ಬಂದರೆ ‘ನೊ’ ಬಿಟ್ಟುಬಿಡಬೇಕು. ‘ನೂಂಕಾ ಕೋಮೊ ಕಾರ್ನೆ’, ಇಷ್ಟೇ. ‘ನೂಂಕಾ ನೊ ಕೋಮೊ’ ತಪ್ಪು. ನೂಂಕಾ ಹಿಂದೆ ಬಂದರೆ ನೊ ಬೇಕು, ಮುಂದೆ ಬಂದರೆ ನೊ ಬೇಡ. ‘ಕಾಸಿ ನೂಂಕಾ’ಕ್ಕೂ ಇದೇ ನಿಯಮ. ಇನ್ನೂ ಒತ್ತಿ ಹೇಳಬೇಕಾದರೆ ‘ಹಾಮಾಸ್’ ಇದೆ, ನಮ್ಮ ‘ಎಂದೆಂದಿಗೂ ಇಲ್ಲ’ದ ಹಾಗೆ.

ಏಳನೇ ಹೆಜ್ಜೆ: ‘ಸ್ವೇಲೊ’ ಅನ್ನುವ ರೂಢಿಯ ಕ್ರಿಯಾಪದ

ಕನ್ನಡದಲ್ಲಿ ‘ಹೋಗುತ್ತೇನೆ’ ಬೇರೆ, ‘ಹೋಗುತ್ತಿರುತ್ತೇನೆ’ ಬೇರೆ. ಎರಡನೆಯದರಲ್ಲಿ ರೂಢಿ ಇದೆ, ಎಷ್ಟು ಸಲ ಅನ್ನುವ ಲೆಕ್ಕ ಇಲ್ಲ. ಸ್ಪ್ಯಾನಿಷ್‌ನಲ್ಲಿ ಈ ಕೆಲಸಕ್ಕೆ ‘ಸೊಲೇರ್’ ಅಂತ ಒಂದು ಕ್ರಿಯಾಪದವೇ ಇದೆ. ಅದರ ನಂತರ ಬೇಕಾದ ಕೆಲಸದ ಮೂಲ ರೂಪ ಇಟ್ಟರೆ ಸಾಕು.

ನಾನು: ಸ್ವೇಲೊ. ನೀನು: ಸ್ವೇಲೆಸ್. ಅವನು, ಅವಳು: ಸ್ವೇಲೆ. ನಾವು: ಸೊಲೇಮೊಸ್. ಅವರು: ಸ್ವೇಲೆನ್. ಸ್ಪೇನ್‌ನಲ್ಲಿ ‘ನೀವೆಲ್ಲ’ ಅನ್ನಲು ಸೊಲೇಯ್ಸ್ ಕೂಡ ಬೇಕು.

‘ಸ್ವೇಲೊ ತೊಮಾರ್ ತೇ ಪೊರ್ ಲಾ ತಾರ್ದೆ’, ಸಂಜೆ ಹೊತ್ತು ಚಹಾ ಕುಡಿಯುವ ರೂಢಿ ನನ್ನದು. ‘ಎನ್ ಕಾಸಾ ಸೊಲೇಮೊಸ್ ಕೊಮೇರ್ ರೊಟ್ಟಿ’, ಮನೆಯಲ್ಲಿ ನಾವು ಸಾಮಾನ್ಯವಾಗಿ ರೊಟ್ಟಿ ಉಣ್ಣುತ್ತೇವೆ. ಇದು ರೂಢಿಗೆ ಮಾತ್ರ. ನಾಳೆ ಮಾಡುವ ಕೆಲಸಕ್ಕೆ, ಒಂದೇ ಸಲ ಮಾಡಿದ ಕೆಲಸಕ್ಕೆ ಇದನ್ನು ಬಳಸುವ ಹಾಗಿಲ್ಲ.

ಎಂಟನೇ ಹೆಜ್ಜೆ: ಹೋಗುತ್ತಿದ್ದೆ, ಹೋದೆ

ಸ್ಪ್ಯಾನಿಷ್‌ನ ಎರಡು ಭೂತಕಾಲಗಳು ಕಷ್ಟ ಅಂತ ಬಹಳ ಜನ ಹೆದರುತ್ತಾರೆ. ರೂಢಿಯ ಮಾತಿನ ಮಟ್ಟಿಗೆ ಕನ್ನಡದವರು ಹೆದರಬೇಕಿಲ್ಲ. ‘ಹೋಗುತ್ತಿದ್ದೆ’ ಅನ್ನುವ ಕಡೆ ‘ಈಬಾ’. ‘ಹೋದೆ’ ಅನ್ನುವ ಕಡೆ ‘ಫ್ವಿ’.

‘ದೆ ನೀನ್ಯಾ ಈಬಾ ಆ ಗದಗ ತೋದೊಸ್ ಲೊಸ್ ಬೆರಾನೊಸ್.’ ಚಿಕ್ಕವಳಿದ್ದಾಗ ಪ್ರತಿ ಬೇಸಿಗೆಗೆ ಗದಗಕ್ಕೆ ಹೋಗುತ್ತಿದ್ದೆ. ಹುಡುಗರು ‘ದೆ ನೀನ್ಯೊ’ ಅನ್ನಬೇಕು. ‘ಎಲ್ ಆನ್ಯೊ ಪಾಸಾದೊ ಫ್ವಿ ತ್ರೇಸ್ ಬೇಸೆಸ್.’ ಹೋದ ವರ್ಷ ಮೂರು ಸಲ ಹೋದೆ. ಲೆಕ್ಕ ಮುಗಿದ ಕೆಲಸ, ಅದಕ್ಕೆ ‘ಫ್ವಿ’.

ಇಲ್ಲಿ ಒಂದು ಕಡೆ ಎಡವುತ್ತೇವೆ. ಮೂರು ಸಲ ಅಂತ ಲೆಕ್ಕ ಬಂದ ತಕ್ಷಣ ‘ಫ್ವಿ’ ಅಂತ ಬರೆಯಬೇಡಿ. ‘ವರ್ಷಕ್ಕೆ ಮೂರು ಸಲ ಹೋಗುತ್ತಿದ್ದೆ’ ಅನ್ನುವುದು ರೂಢಿಯೇ ಅಲ್ವಾ? ಅದಕ್ಕೆ ‘ಈಬಾ ತ್ರೇಸ್ ಬೇಸೆಸ್ ಆಲ್ ಆನ್ಯೊ’. ಅನುಮಾನ ಬಂದರೆ ವಾಕ್ಯವನ್ನು ಕನ್ನಡದಲ್ಲಿ ಜೋರಾಗಿ ಹೇಳಿ ನೋಡಿ. ‘ಹೋಗುತ್ತಿದ್ದೆ’ ಬಂತಾ, ‘ಹೋದೆ’ ಬಂತಾ? ಕಿವಿಯೇ ಹೇಳುತ್ತದೆ. ಇಂಗ್ಲಿಷ್‌ನಲ್ಲಿ ಎರಡಕ್ಕೂ ಒಂದೇ ‘ವೆಂಟ್’ ಸಾಕಾಗುತ್ತದೆ, ಹಾಗಾಗಿ ಅಲ್ಲಿಂದ ಬಂದರೆ ಈ ಸುಳಿವು ಸಿಗುವುದಿಲ್ಲ.

ಒಂಬತ್ತನೇ ಹೆಜ್ಜೆ: ಕೇಳುವುದು

ಪುಸ್ತಕಗಳಲ್ಲಿ ‘ಕೊನ್ ಕೆ ಫ್ರೆಕ್ವೆನ್ಸಿಯಾ’ ಅಂತ ಇರುತ್ತದೆ. ಸರಿಯಾದದ್ದೇ, ಸ್ವಲ್ಪ ಉದ್ದ ಅಷ್ಟೇ. ಮಾತಿನಲ್ಲಿ ‘ಕಾದಾ ಕ್ವಾಂತೊ’ ಹಗುರ. ಎಷ್ಟು ದಿನಕ್ಕೊಮ್ಮೆ ಅಂತ. ‘ಕಾದಾ ಕ್ವಾಂತೊ ಬಾಸ್ ಆ ಕಾಸಾ ದೆ ತು ಮಾದ್ರೆ?’ ಅಂದರೆ ಅಮ್ಮನ ಮನೆಗೆ ಎಷ್ಟು ದಿನಕ್ಕೊಮ್ಮೆ ಹೋಗುತ್ತೀಯ. ಸಂಖ್ಯೆಯೇ ಬೇಕಾದರೆ ‘ಕ್ವಾಂತಾಸ್ ಬೇಸೆಸ್ ಆ ಲಾ ಸೆಮಾನಾ’, ವಾರಕ್ಕೆ ಎಷ್ಟು ಸಲ.

ರುಚಿಗೆ ಒಂದಿಷ್ಟು ನುಡಿಗಟ್ಟು

‘ಅವರು ಬರುವುದು ಅಮಾವಾಸ್ಯೆಗೊಮ್ಮೆ ಹುಣ್ಣಿಮೆಗೊಮ್ಮೆ’ ಅನ್ನುತ್ತೇವಲ್ಲ, ಸ್ಪೇನ್‌ನವರು ಅದಕ್ಕೆ ‘ದೆ ಪಾಸ್ಕ್ವಾಸ್ ಆ ರಾಮೊಸ್’ ಅನ್ನುತ್ತಾರೆ. ಈಸ್ಟರ್ ಹಬ್ಬದಿಂದ ಗರಿಗಳ ಭಾನುವಾರದವರೆಗೆ ಅಂತ. ಗರಿಗಳ ಭಾನುವಾರ ಬರುವುದು ಈಸ್ಟರ್‌ಗಿಂತ ಒಂದು ವಾರ ಮೊದಲು. ಅಂದರೆ ಈ ಈಸ್ಟರ್ ಮುಗಿದ ಮೇಲೆ ಅದಕ್ಕಾಗಿ ಹೆಚ್ಚುಕಡಿಮೆ ಒಂದು ವರ್ಷ ಕಾಯಬೇಕು. ಇನ್ನೊಂದು, ‘ದೆ ಈಗೊಸ್ ಆ ಬ್ರೇಬಾಸ್’. ಅಂಜೂರದ ಕೆಲವು ಮರಗಳು ವರ್ಷಕ್ಕೆ ಎರಡು ಬೆಳೆ ಕೊಡುತ್ತವೆ. ಬೇಸಿಗೆಯ ಆರಂಭದ ಹಣ್ಣು ಬ್ರೇಬಾ, ಬೇಸಿಗೆಯ ಕೊನೆಯ ಹಣ್ಣು ಈಗೊ. ಈಗೊ ಮುಗಿದ ಮೇಲೆ ಮತ್ತೆ ಬ್ರೇಬಾ ಬರಬೇಕಾದರೆ ಚಳಿಗಾಲವೆಲ್ಲ ಕಳೆಯಬೇಕು. ದಕ್ಷಿಣ ಅಮೆರಿಕದ ಅರ್ಜೆಂಟೀನಾ ಕಡೆ ‘ಕಾದಾ ಮ್ವೇರ್ತೆ ದೆ ಒಬೀಸ್ಪೊ’ ಅನ್ನುತ್ತಾರೆ. ಬಿಷಪ್ ತೀರಿಕೊಂಡಾಗೊಮ್ಮೆ, ಅಂದರೆ ಅಷ್ಟು ಅಪರೂಪಕ್ಕೆ. ಪದೇ ಪದೇ, ಗಳಿಗೆಗೊಮ್ಮೆ ಅನ್ನಲು ಸ್ಪೇನ್‌ನಲ್ಲಿ ‘ಕಾದಾ ದೋಸ್ ಪೊರ್ ತ್ರೇಸ್’. ಇವೆಲ್ಲ ಮನೆಮಾತು. ಪರೀಕ್ಷೆಯ ಪತ್ರದಲ್ಲಿ ಬೇಡ, ಗೆಳೆಯರ ಜೊತೆ ಧಾರಾಳ ಬಳಸಿ.

ಇವತ್ತು ರಾತ್ರಿ ಮಾಡುವ ಕೆಲಸ

ಒಂದು ಹಾಳೆ ತೆಗೆದುಕೊಳ್ಳಿ. ನಿಮ್ಮ ವಾರದ ಬಗ್ಗೆ ಆರು ವಾಕ್ಯಗಳನ್ನು ಮೊದಲು ಕನ್ನಡದಲ್ಲೇ ಬರೆಯಿರಿ, ಮನೆಯಲ್ಲಿ ಆಡುವ ಹಾಗೆ. ದಿನಾ ಮಾಡುವುದು ಒಂದು, ಎಂಟು ದಿನಕ್ಕೊಮ್ಮೆ ಮಾಡುವುದು ಒಂದು, ತಿಂಗಳಿಗೆ ಇಷ್ಟು ಸಲ ಅನ್ನುವುದು ಒಂದು, ಒಮ್ಮೊಮ್ಮೆ ಮಾಡುವುದು ಒಂದು, ಎಂದೂ ಮಾಡದೇ ಇರುವುದು ಒಂದು, ಚಿಕ್ಕವರಿದ್ದಾಗ ಮಾಡುತ್ತಿದ್ದದ್ದು ಒಂದು. ಪ್ರತಿ ವಾಕ್ಯದಲ್ಲಿ ‘ಕ್ಕೆ’, ‘ಗೆ’, ‘ಒಮ್ಮೆ’, ‘ಎಂದೂ’, ‘ಇಲ್ಲ’, ‘ಉತ್ತಿದ್ದೆ’ ಎಲ್ಲಿದೆ ಅಂತ ಹುಡುಕಿ ಕೆಳಗೆ ಗೆರೆ ಎಳೆಯಿರಿ. ಆ ಗೆರೆಯ ಕೆಳಗೇ ಸ್ಪ್ಯಾನಿಷ್ ತುಣುಕು ಬರೆಯಿರಿ. ಆಮೇಲೆ ಪೂರ್ತಿ ವಾಕ್ಯ. ಕೊನೆಗೆ ಹಾಳೆ ಮಡಚಿಟ್ಟು ಆರನ್ನೂ ಜೋರಾಗಿ ಹೇಳಿ. ಬಸ್ಸಿನಲ್ಲಾದರೆ ಮೆಲ್ಲಗೆ. ನವನಗರ ದಾಟುವಷ್ಟರಲ್ಲಿ ಆರೂ ಮುಗಿಯುತ್ತವೆ, ಇನ್ನೊಂದು ಸುತ್ತು ಹೇಳಲು ಧಾರವಾಡದವರೆಗೆ ದಾರಿ ಇರುತ್ತದೆ.